ಹಳೇ 1 ರೂಪಾಯಿ ನೋಟಿನ ಹಿಂದಿರುವ ಚಿತ್ರ: ನಮ್ಮ ದೇಶದಲ್ಲಿ ಎಣ್ಣೆ ಹುಡುಕಿದ ಕಥೆ, ಗೊತ್ತಿದ್ದವರು ಸೇರಿಸಿ

ಕಾರವಾರದ ಅಲೆ

ನಮಸ್ಕಾರ. ಹೋದ ವಾರ ಅಮ್ಮನ ಹಳೇ ಟ್ರಂಕು ತೆಗೆದು ಒರೆಸುತ್ತಿದ್ದೆ. ಸೀರೆಯ ಮಡಿಕೆಯಲ್ಲಿ ಒಂದು 1 ರೂಪಾಯಿ ನೋಟು ಸಿಕ್ಕಿತು. 80ರ ದಶಕದ್ದು. ಹಿಂಭಾಗದಲ್ಲಿ ಸಮುದ್ರದ ಮಧ್ಯೆ ಕಾಲೂರಿ ನಿಂತ ಕಬ್ಬಿಣದ ಕಟ್ಟಡದ ಚಿತ್ರ ಇದೆ. ಮೊಮ್ಮಗಳು ಅದು ಹಡಗಾ ಅಂತ ಕೇಳಿದಳು. ಅಲ್ಲ ಪುಟ್ಟಿ, ಅದು ಸಾಗರ್ ಸಾಮ್ರಾಟ್, ಮುಂಬೈ ಕಡಲಿನ ಬಾಂಬೆ ಹೈ ಅನ್ನುವ ಎಣ್ಣೆ ನಿಕ್ಷೇಪದಲ್ಲಿ ಮೊದಲು ಎಣ್ಣೆ ಕಂಡ ರಿಗ್, ಅಂದರೆ ಬಾವಿ ಕೊರೆಯುವ ಕಟ್ಟೆ ಅಂದೆ. ಅಲ್ಲಿಂದ ಶುರುವಾದ ಮಾತು ಊಟದ ಹೊತ್ತಾದರೂ ಮುಗಿಯಲಿಲ್ಲ.

ನಾನು 22 ವರ್ಷ ಮುಂಬೈ ಕಡೆಯ ಸಮುದ್ರದ ರಿಗ್‌ಗಳಲ್ಲಿ ದುಡಿದವನು. 14 ದಿನ ನೀರಿನ ಮೇಲೆ, 14 ದಿನ ಮನೆ. ಪೆಟ್ರೋಲ್ ಬೆಲೆ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಎಣ್ಣೆಯನ್ನು ಹುಡುಕಿದ ಬಗೆಯನ್ನು ಯಾರೂ ಕನ್ನಡದಲ್ಲಿ ಮಾತಾಡುವುದು ಕಾಣೆ. ಅದಕ್ಕೇ ಈ ಎಳೆ ಶುರು ಮಾಡುತ್ತಿದ್ದೇನೆ.

1947ರಲ್ಲಿ ಇಡೀ ದೇಶದಲ್ಲಿ ಎಣ್ಣೆ ಬರುತ್ತಿದ್ದದ್ದು ಅಸ್ಸಾಂನ ದಿಗ್ಬೋಯಿಯಿಂದ ಮಾತ್ರ. ವರ್ಷಕ್ಕೆ ಸುಮಾರು 2.5 ಲಕ್ಷ ಟನ್. ಉಳಿದದ್ದೆಲ್ಲ ಹೊರಗಿಂದ. ವಿದೇಶಿ ಕಂಪನಿಗಳು ಭಾರತದಲ್ಲಿ ದೊಡ್ಡದಾಗಿ ಏನೂ ಸಿಗುವುದಿಲ್ಲ ಅನ್ನುತ್ತಿದ್ದವು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. 1950ರ ದಶಕದಲ್ಲಿ ಸ್ಟ್ಯಾಂಡರ್ಡ್ ವ್ಯಾಕ್ಯೂಮ್ ಕಂಪನಿ ನಮ್ಮ ಸರ್ಕಾರದ ಜೊತೆ ಸೇರಿ ಬಂಗಾಳದಲ್ಲಿ 10 ಬಾವಿ ಕೊರೆಯಿತು. ಹತ್ತೂ ಒಣ ಬಾವಿ. ಗಂಟುಮೂಟೆ ಕಟ್ಟಿ ಹೊರಟುಹೋಯಿತು.

ಆಗ ಹಠ ಹಿಡಿದವರು ಕೇಶವ ದೇವ್ ಮಾಳವೀಯ, ನೆಹರೂ ಸಂಪುಟದ ಮಂತ್ರಿ. ಅವರು ಪಾಶ್ಚಾತ್ಯ ಕಂಪನಿಗಳನ್ನು ಬಿಟ್ಟು ಸೋವಿಯತ್ ರಷ್ಯಾ ಮತ್ತು ರೊಮೇನಿಯಾದ ಕಡೆ ತಿರುಗಿದರು. 1955ರಲ್ಲಿ ಒಂದು ಸಣ್ಣ ನಿರ್ದೇಶನಾಲಯ ಅಂತ ಶುರುವಾದದ್ದು 1956ರ ಆಗಸ್ಟ್ 14ಕ್ಕೆ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗ ಆಯಿತು. ಇವತ್ತಿನ ಒಎನ್‌ಜಿಸಿ ಅದೇ. ಕಚೇರಿ ಡೆಹ್ರಾಡೂನ್‌ನಲ್ಲಿ. ಸೋವಿಯತ್ ಭೂವಿಜ್ಞಾನಿ ಕಾಲಿನಿನ್ ಅವರ ತಂಡ ದೇಶ ಸುತ್ತಿ, ಎಲ್ಲೆಲ್ಲಿ ಕೊರೆಯಬಹುದು ಅಂತ ವರದಿ ಕೊಟ್ಟಿತು.

ಮೊದಲ ಬಾವಿ 1957ರಲ್ಲಿ, ಈಗಿನ ಹಿಮಾಚಲದ ಜ್ವಾಲಾಮುಖಿಯಲ್ಲಿ. ಅಲ್ಲಿನ ಗುಡಿಯಲ್ಲಿ ಬಂಡೆಯ ಸಂದಿಯಿಂದ ಬರುವ ಅನಿಲ ಉರಿಯುತ್ತಲೇ ಇರುತ್ತದೆ. ಅಲ್ಲೇ ಕೊರೆದದ್ದು ಸಹಜ ಅಲ್ವಾ? ಆದರೆ ಮಾರುವಷ್ಟು ಏನೂ ಸಿಗಲಿಲ್ಲ. 1958ರಲ್ಲಿ ಗುಜರಾತಿನ ಖಂಭಾತ್ ಹತ್ತಿರದ ಲುಣೇಜ್‌ನಲ್ಲಿ ಎಣ್ಣೆ ಬಂತು. 1960ರಲ್ಲಿ ಅಂಕಲೇಶ್ವರ. ಅಲ್ಲಿನ ಮೊದಲ ಬಾವಿಗೆ ನೆಹರೂ ವಸುಧಾರಾ ಅಂತ ಹೆಸರಿಟ್ಟರು. ಇಲ್ಲ ಅಂದ ದೇಶದಲ್ಲಿ ಎಣ್ಣೆ ಇತ್ತು. ಇಲ್ಲ ಅಂದವರು ಕೊರೆಯುವುದನ್ನು ನಿಲ್ಲಿಸಿದ್ದರು, ಅಷ್ಟೆ.

ಬಾಂಬೆ ಹೈ ಕಥೆ ಆಮೇಲೆ ಬರೆಯುತ್ತೇನೆ. ಅದಕ್ಕೆ ಮೊದಲು, ಅಸ್ಸಾಂ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ನಾನು ಆ ಕಡೆ ಹೋಗಿಲ್ಲ.

ಕೋಲಾರದ ಮಣ್ಣು

ಅಣ್ಣಾ, ಒಂದೇ ಉಸಿರಿಗೆ ಓದಿದೆ. ಹತ್ತು ಬಾವಿ ಒಣಗಿತು ಅಂದಿರಲ್ಲ, ಅದು ನಮಗೆ ಗೊತ್ತಿರುವ ನೋವು. ನಮ್ಮಪ್ಪ ಇದುವರೆಗೆ 9 ಬೋರ್ ಹೊಡೆಸಿದ್ದಾರೆ. ನೀರು ಬಂದದ್ದು ಎರಡರಲ್ಲಿ. ಒಂದು ನಿಂತುಹೋಯಿತು. ಕೊನೆಯದು 1300 ಅಡಿ ಹೋದರೂ ಬರೀ ಧೂಳು. ಪಾಯಿಂಟ್ ಮಾಡುವುದಕ್ಕೆ ತೆಂಗಿನಕಾಯಿ ಹಿಡಿದು ನೋಡುವವರನ್ನೂ ಕರೆಸಿದೆವು, ಮಿಷನ್ ಇಟ್ಟು ನೋಡುವವರನ್ನೂ ಕರೆಸಿದೆವು.

ನನ್ನ ಪ್ರಶ್ನೆ ಇಷ್ಟೇ. ಎಣ್ಣೆಗೆ ಪಾಯಿಂಟ್ ಹೇಗೆ ಮಾಡುತ್ತಾರೆ? ಅದೂ ಸಮುದ್ರದಲ್ಲಿ, ಕಾಲಿಡಲು ನೆಲವೇ ಇಲ್ಲದ ಕಡೆ?

ತಿನ್ಸುಕಿಯಾ ದಿನಗಳು

ಎಲ್ಲರಿಗೂ ನಮಸ್ತೆ. ನಮ್ಮ ಯಜಮಾನರ ಕೆಲಸದ ಸಲುವಾಗಿ 11 ವರ್ಷ ಮೇಲಿನ ಅಸ್ಸಾಂನಲ್ಲಿ ಇದ್ದೆ. ದಿಗ್ಬೋಯಿ ನಮಗೆ ಭಾನುವಾರದ ತಿರುಗಾಟದ ಊರು. ಅಲ್ಲಿನ ಮ್ಯೂಸಿಯಂನಲ್ಲಿ ಮೊದಲ ಬಾವಿಯನ್ನು ಹಾಗೇ ಉಳಿಸಿದ್ದಾರೆ. ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆದದ್ದು ಇನ್ನೂ ಇದೆ.

ದಿಗ್ಬೋಯಿಗೂ ಮುಂಚಿನ ಕಥೆ ಒಂದಿದೆ. ಅಮೆರಿಕದಲ್ಲಿ ಡ್ರೇಕ್ ಮೊದಲ ಬಾವಿ ಕೊರೆದದ್ದು 1859ರಲ್ಲಿ. ಬರೀ 7 ವರ್ಷಕ್ಕೆ, 1866ರಲ್ಲಿ, ಗುಡ್‌ಇನಫ್ ಅನ್ನುವ ಸಾಹೇಬ ಅಸ್ಸಾಂನ ಜೈಪುರದ ಹತ್ತಿರ ಕೊರೆಯಲು ಶುರು ಮಾಡಿದ. ಮೊದಲ ಬಾವಿ ಖಾಲಿ. 1867ರ ಮಾರ್ಚ್ 26ಕ್ಕೆ ಮಾಕುಮ್‌ನಲ್ಲಿ 118 ಅಡಿಯಲ್ಲೇ ಎಣ್ಣೆ ಕಂಡಿತು. ಆದರೆ ಆ ದಟ್ಟ ಕಾಡಿಂದ ಅದನ್ನು ಸಾಗಿಸುವುದು ಹೇಗೆ? ರಸ್ತೆ ಇಲ್ಲ, ರೈಲು ಇಲ್ಲ. ಕೆಲಸ ನಿಂತುಹೋಯಿತು.

ರೈಲು ಬಂದ ಮೇಲೆ ದಿಗ್ಬೋಯಿ ಬಂತು. ಅಸ್ಸಾಂ ರೈಲ್ವೇಸ್ ಅಂಡ್ ಟ್ರೇಡಿಂಗ್ ಕಂಪನಿ 1889ರಲ್ಲಿ ಅಲ್ಲಿ ಕೊರೆಯಲು ಶುರು ಮಾಡಿ, ಮರುವರ್ಷ 662 ಅಡಿಗೆ ಮುಗಿಸಿತು. ಮರ ಎಳೆಯಲು ಹೋದ ಆನೆಯ ಕಾಲಿಗೆ ಎಣ್ಣೆ ಮೆತ್ತಿಕೊಂಡು ಬಂತು, ಅದನ್ನು ನೋಡಿ ಸಾಹೇಬರು ಡಿಗ್ ಬಾಯ್, ಅಂದರೆ ಅಗೆಯಿರೋ ಹುಡುಗರಾ ಅಂತ ಕೂಗಿದರು, ಅದೇ ಊರ ಹೆಸರಾಯಿತು ಅಂತ ಅಲ್ಲಿ ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ಕೆಲಸಕ್ಕೆ ಬರುತ್ತಿದ್ದ ಬಾಯಿದೇವ್ (ಅಸ್ಸಾಮಿಯಲ್ಲಿ ಅಕ್ಕ) ಇದನ್ನು ತನ್ನ ಕಣ್ಣಾರೆ ಕಂಡಂತೆ ಹೇಳುತ್ತಿದ್ದರು. 1901ರಲ್ಲಿ ಶುರುವಾದ ದಿಗ್ಬೋಯಿ ರಿಫೈನರಿ ಇವತ್ತಿಗೂ ನಡೆಯುತ್ತಿದೆ.

ಅಲೆ ಸರ್, ನೀವು ಬರೆದದ್ದಕ್ಕೆ ಒಂದು ಮಾತು ಸೇರಿಸಬೇಕು. ಅಂಕಲೇಶ್ವರಕ್ಕೂ ಮುಂಚೆ, 1953ರಲ್ಲಿ, ನಹರ್‌ಕಟಿಯಾದಲ್ಲಿ ದೊಡ್ಡ ಎಣ್ಣೆ ಸಿಕ್ಕಿತ್ತು. ಅದನ್ನು ಕಂಡದ್ದು ಬರ್ಮಾ ಆಯಿಲ್ ಕೈಕೆಳಗಿನ ಅಸ್ಸಾಂ ಆಯಿಲ್ ಕಂಪನಿ. 1956ರಲ್ಲಿ ಮೊರಾನ್. ಹಾಗಾಗಿ ವಿದೇಶಿ ಕಂಪನಿಗಳು ಎಲ್ಲ ಕಡೆಯೂ ಕೈ ಬಿಟ್ಟವು ಅನ್ನುವುದು ಸರಿಯಲ್ಲ. 1959ರಲ್ಲಿ ಆಯಿಲ್ ಇಂಡಿಯಾ ಹುಟ್ಟಿದ್ದೇ ಈ ಎಣ್ಣೆಗೋಸ್ಕರ.

ಆದರೆ ಎಣ್ಣೆ ಎಲ್ಲಿಗೆ ಹೋಯಿತು? ಬಿಹಾರದ ಬರೌನಿಗೆ, 1100 ಕಿ.ಮೀ.ಗೂ ಜಾಸ್ತಿ ಉದ್ದದ ಪೈಪ್‌ಲೈನ್‌ನಲ್ಲಿ. ನಮ್ಮ ನೆಲದ ಎಣ್ಣೆಗೆ ನಮ್ಮಲ್ಲೇ ರಿಫೈನರಿ ಬೇಕು ಅಂತ ಅಸ್ಸಾಂ ಜನ ಬೀದಿಗಿಳಿದ ಮೇಲೆ ಗುವಾಹಟಿಗೆ ಒಂದು ಸಣ್ಣದು ಬಂತು, 1962ರಲ್ಲಿ. 1979ರ ನಂತರದ ಚಳವಳಿಯಲ್ಲಿ ಅವರ ಘೋಷಣೆ, ರಕ್ತ ಕೊಡುತ್ತೇವೆ, ಎಣ್ಣೆ ಕೊಡುವುದಿಲ್ಲ. ನಾವು ಅಲ್ಲಿ ಇದ್ದಾಗಲೂ ಹಿರಿಯರು ಆ ಮಾತು ಹೇಳುವಾಗ ಗಂಟಲು ಕಟ್ಟುತ್ತಿತ್ತು. ಎಣ್ಣೆ ಹುಡುಕಿದ ಕಥೆ ಬರೆಯುವಾಗ ಇದನ್ನು ಬಿಟ್ಟರೆ ತಪ್ಪಾಗುತ್ತದೆ.

ಕಾರವಾರದ ಅಲೆ

ಮೇಡಂ, ತಿದ್ದಿದ್ದು ಒಳ್ಳೆಯದಾಯಿತು. ನಹರ್‌ಕಟಿಯಾ ನಾನು ಬಿಟ್ಟದ್ದು ತಪ್ಪೇ.

ಕೋಲಾರದ ತಮ್ಮನ ಪ್ರಶ್ನೆಗೆ ಬರುತ್ತೇನೆ. ಸಮುದ್ರದಲ್ಲಿ ಪಾಯಿಂಟ್ ಮಾಡುವುದು ಕಿವಿಯಿಂದ. ಹಡಗು ಹೋಗುತ್ತಾ ನೀರಿನಲ್ಲಿ ಸ್ಫೋಟದಂಥ ದೊಡ್ಡ ಶಬ್ದ ಮಾಡುತ್ತದೆ. ಆ ಶಬ್ದ ತಳಕ್ಕೆ ಹೋಗಿ, ಒಂದೊಂದು ಕಲ್ಲಿನ ಪದರಕ್ಕೂ ಬಡಿದು ವಾಪಸು ಬರುತ್ತದೆ. ಹಿಂದೆ ಎಳೆದುಕೊಂಡು ಹೋಗುವ ಉದ್ದನೆಯ ಕೇಬಲ್‌ನಲ್ಲಿ ಅದನ್ನು ಕೇಳಿಸಿಕೊಳ್ಳುವ ಸಾಧನಗಳಿರುತ್ತವೆ. ಯಾವುದು ಎಷ್ಟು ಹೊತ್ತಿಗೆ ಬಂತು ಅನ್ನುವುದರಿಂದ ಒಳಗಿನ ಪದರಗಳ ಚಿತ್ರ ಬರೆಯುತ್ತಾರೆ. ಎಲ್ಲಿ ಪದರಗಳು ಬೋಗುಣಿ ಮಗುಚಿಟ್ಟ ಹಾಗೆ ಉಬ್ಬಿವೆಯೋ ಅಲ್ಲಿ ಎಣ್ಣೆ ಸಿಕ್ಕಿಹಾಕಿಕೊಂಡಿರಬಹುದು. ಇರಬಹುದು ಅಷ್ಟೆ. ಕೊರೆಯದೆ ಗೊತ್ತಾಗುವುದಿಲ್ಲ.

1960ರ ದಶಕದ ಮಧ್ಯದಲ್ಲಿ ಅಕಾಡೆಮಿಕ್ ಅರ್ಖಾಂಗೆಲ್ಸ್ಕಿ ಅನ್ನುವ ಸೋವಿಯತ್ ಹಡಗು ಮುಂಬೈ ಕಡಲಲ್ಲಿ ಹೀಗೆ ಕಿವಿಗೊಟ್ಟು ಹೋಯಿತು. ದಡದಿಂದ ಸುಮಾರು 160 ಕಿ.ಮೀ. ದೂರದಲ್ಲಿ ಒಂದು ಭಾರೀ ಉಬ್ಬು ಕಂಡಿತು. ಆದರೆ ಅಷ್ಟು ದೂರ ಹೋಗಿ ಕೊರೆಯುವ ರಿಗ್ ನಮ್ಮ ಹತ್ತಿರ ಇರಲಿಲ್ಲ. ಮೊದಲು ಗುಜರಾತಿನ ಖಂಭಾತ್ ಕೊಲ್ಲಿಯ ಆಲಿಯಾಬೆಟ್‌ನಲ್ಲಿ ಕೈ ಪಳಗಿಸಿಕೊಂಡರು. 1970ರ ಮಾರ್ಚ್‌ನಲ್ಲಿ ಇಂದಿರಾ ಗಾಂಧಿ ಬಂದು ಅದನ್ನು ಶುರು ಮಾಡಿದರು. ಆಮೇಲೆ ಜಪಾನಿನ ಮಿತ್ಸುಬಿಷಿ ಯಾರ್ಡ್‌ನಲ್ಲಿ ಸಾಗರ್ ಸಾಮ್ರಾಟ್ ಕಟ್ಟಿಸಿ 1973ರಲ್ಲಿ ತಂದರು. ತೇಲಿಕೊಂಡು ಬಂದು, ಬೇಕಾದ ಕಡೆ ಕಾಲು ಕೆಳಗಿಳಿಸಿ, ಮೈಯನ್ನು ನೀರಿನ ಮೇಲಕ್ಕೆ ಎತ್ತಿಕೊಂಡು ನಿಲ್ಲುವ ರಿಗ್ ಅದು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಬ್ ಇಸ್ರೇಲ್ ಯುದ್ಧ ಆಯಿತು. ಒಂದು ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದ ಎಣ್ಣೆ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಹೋಯಿತು. ನಮ್ಮಂಥ ಬಡ ದೇಶಕ್ಕೆ ಅದು ದೊಡ್ಡ ಪೆಟ್ಟು. ಅಂಥ ಹೊತ್ತಿನಲ್ಲಿ, 1974ರ ಫೆಬ್ರವರಿಯಲ್ಲಿ, ಸಾಗರ್ ಸಾಮ್ರಾಟ್ ಕೊರೆದ ಬಾವಿಯಲ್ಲಿ ಎಣ್ಣೆ ಬಂತು. 1976ರ ಮೇ ತಿಂಗಳಿಗೆ ಎಣ್ಣೆ ತೆಗೆಯುವುದೇ ಶುರು. ಸಿಕ್ಕಿ ಎರಡು ವರ್ಷ ಚಿಲ್ಲರೆಗೆ! ಇವತ್ತಿನ ಲೆಕ್ಕದಲ್ಲೂ ಅದು ಬಹಳ ಬೇಗ. 80ರ ದಶಕದ ಮಧ್ಯದಲ್ಲಿ ದೇಶಕ್ಕೆ ಬೇಕಾದ ಎಣ್ಣೆಯ ಮೂರರಲ್ಲಿ ಎರಡು ಭಾಗದಷ್ಟು ನಮ್ಮಲ್ಲೇ ಬರುತ್ತಿತ್ತು. ನೋಟಿನ ಮೇಲೆ ಅದರ ಚಿತ್ರ ಹಾಕಿದ್ದು ಸುಮ್ನೆ ಅಲ್ಲ.

ಓದುವ ಹುಡುಗಿ, ಧಾರವಾಡ

ಅಂಕಲ್, ಹಾಗಾದರೆ ಕರ್ನಾಟಕದಲ್ಲಿ ಯಾಕೆ ಯಾರೂ ಹುಡುಕಲಿಲ್ಲ? ನಮ್ಮಲ್ಲೂ ಸಮುದ್ರ ಇದೆ ಅಲ್ವಾ?

ಬಂಡೆ ಮೇಷ್ಟ್ರು

ಇದಕ್ಕೆ ನಾನು ಉತ್ತರ ಕೊಡಲೇಬೇಕು, 30 ವರ್ಷ ಭೂವಿಜ್ಞಾನ ಪಾಠ ಮಾಡಿದವನು.

ಎಣ್ಣೆ ಅಂದರೆ ಸತ್ತ ಜೀವಿಗಳು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲೋ ಸರೋವರದಲ್ಲೋ ಇದ್ದ ಸಣ್ಣ ಸಣ್ಣ ಜೀವಿಗಳು ಕೆಸರಿನಲ್ಲಿ ಹೂತುಹೋಗಿ, ಮೇಲೆ ಪದರದ ಮೇಲೆ ಪದರ ಬಿದ್ದು, ಒಳಗಿನ ಬಿಸಿಗೆ ಬೆಂದು ಎಣ್ಣೆ ಆಗುತ್ತದೆ. ಬಿಸಿ ಕಡಿಮೆಯಾದರೆ ಬೇಯುವುದಿಲ್ಲ. ಜಾಸ್ತಿ ಆದರೆ ಬರೀ ಅನಿಲ ಉಳಿಯುತ್ತದೆ. ಬೆಂದ ಎಣ್ಣೆ ಮೇಲಕ್ಕೆ ಹತ್ತುತ್ತಾ, ಸ್ಪಂಜಿನಂತೆ ಸಣ್ಣ ತೂತುಗಳಿರುವ ಮರಳುಗಲ್ಲಿಗೋ ಸುಣ್ಣದಕಲ್ಲಿಗೋ ಸೇರುತ್ತದೆ. ಅದರ ಮೇಲೆ ಸೋರದ ಮುಚ್ಚಳದಂಥ ಕಲ್ಲು ಇರಬೇಕು. ಇಲ್ಲದಿದ್ದರೆ ಎಣ್ಣೆ ಎಲ್ಲ ಮೇಲೆ ಬಂದು ಹಾಳಾಗುತ್ತದೆ. ಬಾಂಬೆ ಹೈನಲ್ಲಿ ಎಣ್ಣೆ ಇರುವುದು ಸುಣ್ಣದಕಲ್ಲಿನಲ್ಲಿ, ರಾಜಸ್ಥಾನದ ಮಂಗಳಾ ನಿಕ್ಷೇಪದಲ್ಲಿ ಮರಳುಗಲ್ಲಿನಲ್ಲಿ.

ಈಗ ನಮ್ಮ ನೆಲ ನೋಡಿ. ಲಾಲ್‌ಬಾಗ್ ಬಂಡೆ ಹತ್ತಿದ್ದೀರಾ? ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಯ ಆಳದಲ್ಲಿ ಕುದಿದು ಗಟ್ಟಿಯಾದ ಕಲ್ಲು. ಅದರೊಳಗೆ ಸ್ಪಂಜಿನ ತೂತೂ ಇಲ್ಲ, ಹೂತುಹೋದ ಜೀವಿಗಳೂ ಇಲ್ಲ. ಕೋಲಾರದವರೇ, ನಿಮ್ಮ ಬೋರ್‌ನಿಂದ ಧೂಳು ಬರುವುದೂ ಇದೇ ಕಾರಣಕ್ಕೆ. ಈ ಕಲ್ಲಿನಲ್ಲಿ ನೀರು ನಿಲ್ಲುವುದೇ ಬಿರುಕುಗಳಲ್ಲಿ. ಬಿರುಕು ತಪ್ಪಿದರೆ ಎಷ್ಟು ಆಳ ಹೋದರೂ ಅಷ್ಟೆ.

ಸಮುದ್ರದ ಮಾತು ಬೇರೆ. ನಮ್ಮ ಕರಾವಳಿಯ ಆಚೆ, ಕೇರಳ ಕೊಂಕಣ ಅಂತ ಕರೆಯುವ ಭಾಗದಲ್ಲಿ, ಹೂಳಿನ ಪದರಗಳಿವೆ. ಅಲ್ಲಿ ಕೊರೆದು ನೋಡಿದ್ದಾರೆ. ಮಾರುವಷ್ಟು ಎಣ್ಣೆ ಸಿಕ್ಕಿಲ್ಲ.

ಆದರೆ ಧಾರವಾಡದ ಪುಟ್ಟಿ, ಇನ್ನೊಂದು ವಿಷಯ ಹೇಳುತ್ತೇನೆ. ನಮ್ಮ ಕಲ್ಲಿಗೆ ಎಣ್ಣೆ ಹುಟ್ಟಿಸಲು ಬರದಿದ್ದರೂ ಕಾಪಾಡಲು ಬರುತ್ತದೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ತುಂಬಿಡುವ ಗುಹೆಗಳನ್ನು ಇದೇ ಗಟ್ಟಿ ಬಂಡೆಯೊಳಗೆ ಕೊರೆದಿದ್ದಾರೆ. ಯುದ್ಧವಾಗಿ ಹಡಗು ಬರದಿದ್ದರೆ ದೇಶ ಅದನ್ನು ತೆಗೆಯಬಹುದು. ಗುಹೆಗೆ ಉಕ್ಕಿನ ಒಳಪದರ ಕೂಡ ಇಲ್ಲ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ನೀರಿನ ಒತ್ತಡ ಇಟ್ಟಿರುತ್ತಾರೆ. ನೀರು ಒಳಕ್ಕೆ ಒತ್ತುವುದರಿಂದ ಎಣ್ಣೆ ಹೊರಗೆ ಸೋರಲು ಆಗುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳುವಾಗ ಪ್ರತಿ ಸಲ ಖುಷಿಯಾಗುತ್ತಿತ್ತು.

ಲೆಕ್ಕದ ಪುಸ್ತಕ

ಅಲೆ ಸರ್, ನೀವು ಬರೆದದ್ದು ಚೆನ್ನಾಗಿದೆ. ಆದರೆ ಸರ್ಕಾರ ಹಠ ಹಿಡಿದದ್ದರಿಂದಲೇ ಎಲ್ಲ ಆಯಿತು ಅನ್ನುವ ಧಾಟಿ ನನಗೆ ಒಪ್ಪಿಗೆಯಿಲ್ಲ. 90ರ ನಂತರದ ಕಥೆ ನೋಡಿ. 1999ರಲ್ಲಿ ಹೊಸ ನೀತಿ ಬಂತು, ಖಾಸಗಿಯವರಿಗೂ ಬ್ಲಾಕ್, ಅಂದರೆ ಎಣ್ಣೆ ಹುಡುಕಲು ಗುರುತು ಮಾಡಿದ ಜಾಗ ಕೊಟ್ಟರು. 2002ರ ಅಕ್ಟೋಬರ್‌ನಲ್ಲಿ ಕೃಷ್ಣಾ ಗೋದಾವರಿ ಕಡಲಲ್ಲಿ ರಿಲಯನ್ಸ್ ದೊಡ್ಡ ಅನಿಲ ಕಂಡಿತು. ರಾಜಸ್ಥಾನದ ಬಾರ್ಮೇರ್ ಇನ್ನೂ ಚೆಂದದ ಕಥೆ. ಶೆಲ್ ಕಂಪನಿ ತನ್ನ ಪಾಲು ಬಿಟ್ಟು ಹೋದ ಬ್ಲಾಕ್‌ನಲ್ಲಿ ಕೇರ್ನ್ ಅನ್ನುವ ಸಣ್ಣ ಸ್ಕಾಟ್ಲೆಂಡ್ ಕಂಪನಿ ಕೊರೆಯುತ್ತಾ ಹೋಯಿತು. 2004ರ ಜನವರಿಯಲ್ಲಿ ಮಂಗಳಾ ಸಿಕ್ಕಿತು. ಇಲ್ಲ ಅಂದ ಕಡೆ ಸಿಕ್ಕಿತು ಅನ್ನುವ ನಿಮ್ಮ ಮಾತಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ, ಆದರೆ ಇದನ್ನು ಮಾಡಿದ್ದು ಖಾಸಗಿಯವರು.

ಮಂಗಳಾ ಎಣ್ಣೆಯಲ್ಲಿ ಮೇಣ ಜಾಸ್ತಿ. ತಣ್ಣಗಾದರೆ ತುಪ್ಪದ ಹಾಗೆ ಹೆಪ್ಪುಗಟ್ಟುತ್ತದೆ. ಅದಕ್ಕೆ ಗುಜರಾತಿನ ತೀರದವರೆಗೆ 600 ಕಿ.ಮೀ.ಗೂ ಉದ್ದದ ಪೈಪನ್ನು ಉದ್ದಕ್ಕೂ ಬಿಸಿ ಮಾಡುತ್ತಾ ಒಯ್ಯಬೇಕಾಯಿತು. 2009ರ ಆಗಸ್ಟ್‌ನಲ್ಲಿ ಎಣ್ಣೆ ತೆಗೆಯಲು ಶುರು ಮಾಡಿದರು.

ಕಾರವಾರದ ಅಲೆ

ಬಾರ್ಮೇರ್ ವಿಷಯ ನೂರಕ್ಕೆ ನೂರು ಒಪ್ಪುತ್ತೇನೆ. ನನ್ನ ಜೊತೆ ಇದ್ದ ಇಬ್ಬರು ಆಮೇಲೆ ಅಲ್ಲಿಗೇ ಕೆಲಸಕ್ಕೆ ಹೋದರು. ಮರಳುಗಾಡಿನಲ್ಲಿ ಆ ಪೈಪ್‌ಲೈನ್ ನೋಡಿದರೆ ತಲೆಬಾಗಬೇಕು ಅನ್ನುತ್ತಿದ್ದರು.

ಕೃಷ್ಣಾ ಗೋದಾವರಿ ಬಗ್ಗೆ ಮಾತ್ರ ಒಂದು ತಕರಾರು. ಸಿಕ್ಕಿದ್ದು ನಿಜ. 2009ರ ಏಪ್ರಿಲ್‌ನಲ್ಲಿ ಅನಿಲ ಬಂತು, ಮರುವರ್ಷ ದಿನಕ್ಕೆ 6 ಕೋಟಿ ಘನ ಮೀಟರ್ ದಾಟಿತು. ದೇಶದ ಗ್ಯಾಸ್ ಚಿಂತೆಯೇ ಮುಗಿಯಿತು ಅಂದುಕೊಂಡೆವು. ಅದನ್ನು ನಂಬಿ ವಿದ್ಯುತ್ ಸ್ಥಾವರಗಳನ್ನೇ ಕಟ್ಟಿದರು. ಆದರೆ ನಾಲ್ಕೇ ವರ್ಷದಲ್ಲಿ ಅನಿಲ ಐದನೇ ಒಂದು ಭಾಗದಷ್ಟಕ್ಕೆ ಇಳಿಯಿತು. ಸ್ಥಾವರಗಳು ಖಾಲಿ ಕುಳಿತವು. ಆ ಮೊದಲ ಎರಡು ನಿಕ್ಷೇಪಗಳನ್ನು 2020ರಲ್ಲಿ ಮುಚ್ಚಿದರು. ಪಕ್ಕದಲ್ಲಿ ಹೊಸದಾಗಿ ಕೊರೆದ ಬಾವಿಗಳಿಂದ ಈಗ ಮತ್ತೆ ಬರುತ್ತಿದೆ. ಕಂಡದ್ದೆಲ್ಲ ಕೈಗೆ ಬರುವುದಿಲ್ಲ, ಅದು ಸರ್ಕಾರಿ ರಿಗ್ ಆಗಲಿ ಖಾಸಗಿ ರಿಗ್ ಆಗಲಿ.

ಬಂಗಾಳದ ಮಾತು ಮರೆತಿದ್ದೆ. ಆ 10 ಒಣ ಬಾವಿಗಳ ರಾಜ್ಯದಲ್ಲಿ, ಕೋಲ್ಕತ್ತಾದ ಹತ್ತಿರದ ಅಶೋಕನಗರದಲ್ಲಿ, ಒಎನ್‌ಜಿಸಿಗೆ 2018ರಲ್ಲಿ ಎಣ್ಣೆ ಸಿಕ್ಕಿತು. 60 ವರ್ಷ ಆದ ಮೇಲೆ!

ಲೆಕ್ಕದ ಪುಸ್ತಕ

ಸರಿ ಸರ್, ಒಪ್ಪಿದೆ. ಆದರೂ ಒಟ್ಟು ಲೆಕ್ಕ ಬೇಸರ ತರಿಸುತ್ತದೆ. 2011-12ರಲ್ಲಿ ದೇಶದಲ್ಲಿ ತೆಗೆದ ಕಚ್ಚಾ ತೈಲ 3 ಕೋಟಿ 80 ಲಕ್ಷ ಟನ್. 2022-23ರಲ್ಲಿ 2 ಕೋಟಿ 92 ಲಕ್ಷ ಟನ್. ಬೇಕಾದದ್ದರಲ್ಲಿ 85 ಪರ್ಸೆಂಟಿಗೂ ಜಾಸ್ತಿ ಹೊರಗಿಂದ ತರುತ್ತಿದ್ದೇವೆ. ಬಾಂಬೆ ಹೈ ಮುದಿಯಾಗಿದೆ. ಅದರಂಥ ಇನ್ನೊಂದು 50 ವರ್ಷದಲ್ಲಿ ಸಿಕ್ಕಿಲ್ಲ.

ತಿನ್ಸುಕಿಯಾ ದಿನಗಳು

ಟನ್ ಲೆಕ್ಕದ ಜೊತೆ ಇನ್ನೊಂದು ಲೆಕ್ಕವನ್ನೂ ಇಡಬೇಕು. 2020ರ ಮೇ 27ರಂದು ತಿನ್ಸುಕಿಯಾ ಜಿಲ್ಲೆಯ ಬಾಗ್‌ಜಾನ್‌ನಲ್ಲಿ ಒಂದು ಅನಿಲ ಬಾವಿ ಕೈ ಮೀರಿತು. ಜೂನ್ 9ಕ್ಕೆ ಬೆಂಕಿ ಹೊತ್ತಿತು. ನಂದಿಸಲು ಹೋದ ಇಬ್ಬರು ಸಿಬ್ಬಂದಿ ತೀರಿಕೊಂಡರು. ಆ ಬೆಂಕಿ ನವೆಂಬರ್ 15ರವರೆಗೆ ಉರಿಯಿತು. ಪಕ್ಕದಲ್ಲೇ ಮಾಗುರಿ ಬೀಲ್, ಅಂದರೆ ಹಕ್ಕಿಗಳು ಬರುವ ದೊಡ್ಡ ಕೆರೆ. ಚಳಿಗಾಲದ ಬೆಳಿಗ್ಗೆ ನಾವು ಅಲ್ಲಿ ದೋಣಿಯಲ್ಲಿ ಹೋಗುತ್ತಿದ್ದೆವು. ಅಲ್ಲಿನ ಪರಿಚಯದವರು ಫೋನಿನಲ್ಲಿ ಅತ್ತದ್ದು ಮರೆಯಲಾರೆ. ಮನೆ, ಅಡಿಕೆ ಮರ, ಮೀನು, ಎಲ್ಲ ಹೋಯಿತು ಅಂದರು. ಐದೂವರೆ ತಿಂಗಳು ಅವರು ಶಿಬಿರದಲ್ಲಿ ಇದ್ದರೋ, ನೆಂಟರ ಮನೆಯಲ್ಲಿ ಇದ್ದರೋ, ಆ ಸದ್ದು ಮಾತ್ರ ಹಗಲು ರಾತ್ರಿ ಕಿವಿಯಲ್ಲೇ ಇತ್ತಂತೆ.

ಬಂಡೆ ಮೇಷ್ಟ್ರು

1995ರಲ್ಲಿ ಆಂಧ್ರದ ಪಾಸರ್ಲಪೂಡಿಯಲ್ಲೂ ಹೀಗೇ. ಜನವರಿ 8ರಿಂದ ಮಾರ್ಚ್ 15ರವರೆಗೆ ಉರಿಯಿತು.

ಕಾರವಾರದ ಅಲೆ

ಮೇಡಂ, ನೀವು ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಕೊರೆಯುವಾಗ ಬಾವಿಗೆ ಮೇಲಿಂದ ಕೆಸರು ತಳ್ಳುತ್ತಾ ಇರುತ್ತೇವೆ. ಮಡ್ ಅಂತಲೇ ಕರೆಯುತ್ತಾರೆ. ಕೆಳಗಿನ ಕಲ್ಲಿನ ಚೂರನ್ನು ಮೇಲೆ ತರುವುದು ಅದರ ಒಂದು ಕೆಲಸ. ಇನ್ನೊಂದು ಕೆಲಸ, ತನ್ನ ತೂಕದಿಂದ ಕೆಳಗಿನ ಅನಿಲವನ್ನು ಅದುಮಿ ಹಿಡಿಯುವುದು. ತೂಕ ಸ್ವಲ್ಪ ಕಡಿಮೆಯಾದರೂ ಅನಿಲ ಒದ್ದು ಬರುತ್ತದೆ. ಬಾವಿಯ ಬಾಯಲ್ಲಿ ಬಿಒಪಿ ಅನ್ನುವ ಭಾರೀ ಕವಾಟ ಇರುತ್ತದೆ, ಅದು ಕೊನೆಯ ಬಾಗಿಲು. ಅದೂ ಕೈ ಕೊಟ್ಟರೆ ಬಾಗ್‌ಜಾನ್. ನಾವು ರಾತ್ರಿ ಪಾಳಿಯಲ್ಲಿ ಮಡ್ ಟ್ಯಾಂಕಿನ ಮಟ್ಟ ನೋಡುತ್ತಲೇ ಇರುತ್ತಿದ್ದೆವು. ಒಂದಿಷ್ಟು ಏರಿದರೂ ಎದೆ ಢವಢವ.

2005ರ ಜುಲೈ 26ರಂದು ಮುಂಬೈ ಮುಳುಗಿದ್ದು ಎಲ್ಲರಿಗೂ ನೆನಪಿದೆ. ಮರುದಿನ, 27ಕ್ಕೆ, ಬಾಂಬೆ ಹೈ ನಾರ್ತ್ ಪ್ಲಾಟ್‌ಫಾರ್ಮ್, ಅಂದರೆ ಎಣ್ಣೆ ತೆಗೆಯಲು ಸಮುದ್ರದಲ್ಲಿ ಕಟ್ಟಿದ ಕಟ್ಟೆ, ಸುಟ್ಟುಹೋಯಿತು. ಗಾಯಗೊಂಡ ಒಬ್ಬರನ್ನು ಅಲ್ಲಿಗೆ ದಾಟಿಸಲು ಬಂದ ಹಡಗು ಅಲೆಗೆ ಸಿಕ್ಕಿ, ಎಣ್ಣೆ ಮತ್ತು ಅನಿಲದ ಪೈಪಿಗೆ ಬಡಿಯಿತು. 22 ಜನ ಹೋದರು. ಅಷ್ಟು ದೊಡ್ಡ ಪ್ಲಾಟ್‌ಫಾರ್ಮ್ ಒಂದೆರಡು ಗಂಟೆಯಲ್ಲಿ ನೀರುಪಾಲು. 2021ರ ತೌಕ್ತೆ ಚಂಡಮಾರುತದಲ್ಲಿ ಬಾರ್ಜ್ ಅನ್ನುವ ಚಪ್ಪಟೆ ತಳದ ಹಡಗು ಮುಳುಗಿ ಅದೇ ಕಡಲಲ್ಲಿ 70ಕ್ಕೂ ಹೆಚ್ಚು ಜನ ಹೋದರು. ಅವರಲ್ಲಿ ತುಂಬ ಜನ ಗುತ್ತಿಗೆ ಕೆಲಸದವರು. ನೋಟಿನ ಮೇಲೆ ರಿಗ್ಗಿನ ಚಿತ್ರ ಇದೆ, ಇವರ ಹೆಸರು ಎಲ್ಲೂ ಇಲ್ಲ.

ಕೋಲಾರದ ಮಣ್ಣು

ಅಣ್ಣಾ, ಇನ್ನೊಂದು ಕೇಳಲಾ? ನೀವು ಕೊರೆದ ಬಾವಿ ಫೇಲ್ ಆದದ್ದುಂಟಾ? ಆಗ ಏನು ಮಾಡುತ್ತಿದ್ದಿರಿ?

ಕಾರವಾರದ ಅಲೆ

ಉಂಟು ತಮ್ಮಾ, ಬೇಕಾದಷ್ಟು. ಮಡ್ ಜೊತೆ ಬಂದ ಕಲ್ಲಿನ ಚೂರುಗಳನ್ನು ತೊಳೆದು, ಅತಿನೇರಳೆ ಬೆಳಕಿನ ಡಬ್ಬಿಯೊಳಗಿಟ್ಟು ನೋಡುತ್ತಾರೆ. ಎಣ್ಣೆ ಇದ್ದರೆ ಹಳದಿಯಾಗಿ ಮಿಂಚುತ್ತದೆ. ಒಂದು ಸಲ ಎರಡು ತಿಂಗಳು ಕೊರೆದೆವು. ನಮ್ಮ ಭೂವಿಜ್ಞಾನಿ ದಿನಾ ಆ ಡಬ್ಬಿಯಲ್ಲಿ ಕಣ್ಣಿಡುವುದು, ತಲೆಯಾಡಿಸಿ ಹೊರಗೆ ಬರುವುದು. ಕೊನೆಗೆ ಮುಂಬೈಯಿಂದ ನಿಲ್ಲಿಸಿ ಅಂತ ಸುದ್ದಿ ಬಂತು. ಅವತ್ತು ಊಟದ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಆದರೆ ಎದ್ದು ಹೋಗುವ ಹಾಗಿಲ್ಲ. ಒಣ ಬಾವಿಯಾದರೂ ಕೆಳಗಿಂದ ಮೇಲಿನವರೆಗೆ ಬೇಕಾದ ಕಡೆಯೆಲ್ಲ ಸಿಮೆಂಟಿನ ಬಿರಡೆ ಹಾಕಬೇಕು. ಒತ್ತಡ ಕೊಟ್ಟು ಪರೀಕ್ಷೆ ಮಾಡಬೇಕು. ಎಲ್ಲಿ, ಎಷ್ಟು ಆಳ ಅಂತ ಬರೆದಿಡಬೇಕು. ಅದಕ್ಕೇ ನಾಲ್ಕೈದು ದಿನ ಹಿಡಿಯುತ್ತಿತ್ತು. ಆ ಬಾವಿಯ ದಾಖಲೆ ಇನ್ನೊಬ್ಬರಿಗೆ ಮುಂದೆ ದಾರಿ ತೋರಿಸುತ್ತದೆ.

ಕೋಲಾರದ ಮಣ್ಣು

ಇದನ್ನು ಓದಿ ರಾತ್ರಿ ಅಪ್ಪನಿಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ನಮ್ಮ ಹೊಲದಲ್ಲಿ ಫೇಲ್ ಆದ ಬೋರ್‌ಗಳಲ್ಲಿ ಮೂರಕ್ಕೆ ಬರೀ ಗೋಣಿಚೀಲ ಕಟ್ಟಿದ್ದೆವು. ಮಕ್ಕಳು ಆಡುವ ಜಾಗ. ಇವತ್ತು ಬೆಳಿಗ್ಗೆ ಎದ್ದಾಗ ಅಪ್ಪ ಆಗಲೇ ಟ್ರ್ಯಾಕ್ಟರ್‌ನಲ್ಲಿ ಕಲ್ಲು ಮಣ್ಣು ತಂದಿದ್ದರು. ಎರಡು ಮುಚ್ಚಿ ಆಯಿತು. ಮೂರನೆಯದಕ್ಕೆ ಇನ್ನೊಂದು ಲೋಡ್ ಬೇಕು, ಮಧ್ಯಾಹ್ನ ತರುತ್ತೇವೆ. ಯಾವುದು ಎಷ್ಟು ಅಡಿ, ಎಷ್ಟಕ್ಕೆ ಕಲ್ಲು ಬದಲಾಯಿತು ಅಂತ ಅಪ್ಪನಿಗೆ ಎಲ್ಲ ಬಾಯಲ್ಲೇ ಇದೆ. ನೋಟ್‌ಬುಕ್ ತೆಗೆದುಕೊಂಡು ಪಕ್ಕದಲ್ಲಿ ಕೂತಿದ್ದೇನೆ. ಮೇಷ್ಟ್ರೇ, ಬರೆದು ಮುಗಿದ ಮೇಲೆ ಇಲ್ಲಿ ಹಾಕುತ್ತೇನೆ, ಒಂದು ಸಲ ನೋಡುತ್ತೀರಾ?